ಕಾವಲು ನಿಲ್ಲಿಸಿ ಗಣಿತ ಹೇಳಿದವರು

ಹೋದ ವಾರ ನಮ್ಮ ಕಾಲೇಜಿನಲ್ಲಿ ಮೇಡಂ ಅವರಿಗೆ ಸಂತಾಪ ಸಭೆ ನಡೆಯಿತು. ಮೊದಲು ಮಾತಾಡಿದವರು ಅವರನ್ನು ಶಾಂತ ಸ್ವಭಾವದ ಮಹಿಳೆ ಎಂದರು. ಎರಡನೆಯವರು, ಯಾರ ಮನಸ್ಸನ್ನೂ ನೋಯಿಸಿದವರಲ್ಲ ಎಂದರು. ಮೂರನೆಯವರು ದನಿ ತಗ್ಗಿಸಿ, ನಿವೃತ್ತಿಗೆ ಕೆಲವೇ ತಿಂಗಳು ಉಳಿದಿದ್ದಾಗ ಕಾಲೇಜಿನವರು ಅವರ ಕೈಯಿಂದ ಕ್ಲಾಸು ಕಿತ್ತುಕೊಂಡರು, ಆ ಕೊರಗಿನಲ್ಲೇ ಹೋದರು ಎಂದರು. ನನಗೆ ಮೈಯೆಲ್ಲ ಉರಿಯಿತು. ಸಂತಾಪ ಸಭೆಯಲ್ಲಿ ಎದ್ದು ಜಗಳ ಕಾಯುವುದು ಚೆನ್ನಾಗಿರುವುದಿಲ್ಲವೆಂದು ಹಲ್ಲು ಕಚ್ಚಿ ಕೂತೆ. ಮನೆಗೆ ಬಂದು ಇದನ್ನು ಬರೆಯುತ್ತಿದ್ದೇನೆ.

ಶಾಂತ ಸ್ವಭಾವವಂತೆ! ಮೇಡಂ ಕಾರಿಡಾರಿನಲ್ಲಿ ಬರುತ್ತಿದ್ದಾರೆಂದರೆ ಲ್ಯಾಬಿನ ಅಟೆಂಡರ್ ಕೂಡ ಮೊಬೈಲನ್ನು ಜೇಬಿಗೆ ಇಳಿಸುತ್ತಿದ್ದ. ಯಾರ ಮನಸ್ಸನ್ನೂ ನೋಯಿಸಲಿಲ್ಲವಂತೆ! ಬೇರೆಯವರದು ನನಗೆ ಗೊತ್ತಿಲ್ಲ, ನನ್ನ ಮನಸ್ಸನ್ನಂತೂ ಸ್ಟಾಫ್ ರೂಮಿನಲ್ಲಿ ಟೀ ಬರುವುದರೊಳಗೆ ಒಮ್ಮೆ, ಟೀ ಬಂದ ಮೇಲೆ ಒಮ್ಮೆ ನೋಯಿಸುತ್ತಿದ್ದರು. ಮೂರನೆಯ ಮಾತಿದೆಯಲ್ಲ, ಕ್ಲಾಸು ಕಿತ್ತುಕೊಂಡರು ಅನ್ನುವುದು, ಅದು ಶುದ್ಧ ಸುಳ್ಳು. ಕಿತ್ತುಕೊಳ್ಳಬಲ್ಲವರು ಯಾರೂ ಹುಟ್ಟಿರಲಿಲ್ಲ.

ಶಿಡ್ಲಘಟ್ಟದ ನಮ್ಮ ಪಿಯು ಕಾಲೇಜಿನಲ್ಲಿ ಅವರು ಗಣಿತ, ನಾನು ಭೌತಶಾಸ್ತ್ರ. ಸ್ಟಾಫ್ ರೂಮಿನಲ್ಲಿ ನಮ್ಮಿಬ್ಬರ ಕುರ್ಚಿ ಅಕ್ಕಪಕ್ಕ. ಮೇಡಂ ಕುಳ್ಳಗೆ, ಗಟ್ಟಿ ಆಳು. ಬೋರ್ಡಿನ ಮೇಲಿನ ತುದಿ ಮುಟ್ಟಲು ತುದಿಗಾಲಲ್ಲಿ ನಿಲ್ಲುತ್ತಿದ್ದರು. ಸ್ಟೂಲ್ ತರಿಸುತ್ತೇನೆಂದರೆ ಬೈಯುತ್ತಿದ್ದರು. ಹುಟ್ಟೂರು ಗೌರಿಬಿದನೂರಿನ ಕಡೆ, ವಿದುರಾಶ್ವತ್ಥಕ್ಕೆ ಹತ್ತಿರದ ಹಳ್ಳಿ. ಹಾಗಾಗಿ ಸಿಟ್ಟು ಬಂದರೆ ಬಾಯಿಗೆ ಮೊದಲು ತೆಲುಗು ಬರುತ್ತಿತ್ತು. ಮನೆ ಚಿಕ್ಕಬಳ್ಳಾಪುರದಲ್ಲಿ. ಬೆಳಗ್ಗೆ ಚಿಂತಾಮಣಿ ಬಸ್ಸು ಹತ್ತಿ ಮಧ್ಯೆ ಶಿಡ್ಲಘಟ್ಟದಲ್ಲಿ ಇಳಿದು, ಬಸ್ ಸ್ಟ್ಯಾಂಡಿನಿಂದ ಕಾಲೇಜಿಗೆ ನಡೆದೇ ಬರುತ್ತಿದ್ದರು.

ನನಗೂ ಅವರಿಗೂ ಜಗಳ ಬರುತ್ತಿದ್ದುದು ವೆಕ್ಟರುಗಳ ಕ್ರಾಸ್ ಪ್ರಾಡಕ್ಟ್ ವಿಷಯಕ್ಕೆ. ಎರಡು ವೆಕ್ಟರುಗಳನ್ನು ಕ್ರಾಸ್ ಮಾಡಿದರೆ ಎರಡಕ್ಕೂ ಲಂಬವಾಗಿರುವ ಮೂರನೆಯದು ಹುಟ್ಟುತ್ತದೆ. ಅದು ಯಾವ ಕಡೆ ಮುಖ ಮಾಡಿದೆ ಎಂದು ತಿಳಿಯಲು ನಾವು ಭೌತಶಾಸ್ತ್ರದವರು ಬಲಗೈ ಬೆರಳು ಮಡಿಸಿ ಹೆಬ್ಬೆರಳು ತೋರಿಸುತ್ತೇವೆ. ಮೇಡಂಗೆ ಅದನ್ನು ಕಂಡರೆ ಆಗುತ್ತಿರಲಿಲ್ಲ.

"ಅದೇನ್ ಸಾರ್, ಲಿಫ್ಟ್ ಕೇಳೋರ ಥರ ಹೆಬ್ಬೆಟ್ಟು ತೋರಿಸ್ಕೊಂಡು ನಿಂತ್ಕೊಳ್ತೀರಿ ಮಕ್ಕಳ ಮುಂದೆ," ಅನ್ನುತ್ತಿದ್ದರು. "ಕೈ ತೋರ್ಸಿ ಯಾರನ್ನ ಬೇಕಾದ್ರೂ ನಂಬಿಸ್ಬೋದು. ಐ, ಜೆ, ಕೆ ಬರೀರಿ. ಮೂರು ಕಾಂಪೊನೆಂಟೂ ಬಿಡಿಸಿ ಬರೀರಿ. ಆಮೇಲೆ ಅದು ನಿಜ ಅಂತ ನಂಬ್ತೀನಿ."

ಐ, ಜೆ, ಕೆ ಎಂದರೆ ಮೂರು ದಿಕ್ಕಿಗೆ ಒಂದೊಂದರಂತೆ ಇರುವ ಏಕಮಾನ ವೆಕ್ಟರುಗಳು. ಯಾವ ವೆಕ್ಟರನ್ನಾದರೂ ಈ ಮೂರರ ಭಾಗಗಳಾಗಿ ಬಿಡಿಸಿ ಬರೆಯಬಹುದು. ಬಿಡಿಸಿ ಬರೆದರೆ ಸಾಲು ಉದ್ದವಾಗುತ್ತದೆ, ಕೈ ನೋಯುತ್ತದೆ, ಎಲ್ಲಿ ಬೇಕಾದರೂ ಒಂದು ಪ್ಲಸ್ಸು ಮೈನಸ್ಸಾಗಿಬಿಡುತ್ತದೆ. ಅದರಲ್ಲೂ ನಡುವಿನ ಜೆ ಇದೆಯಲ್ಲ, ಅದರ ಗುರುತು ಉಳಿದೆರಡಕ್ಕೆ ತಿರುಗಾಮುರುಗಾ. ಈ ತಾಲ್ಲೂಕಿನಲ್ಲಿ ವಿಜ್ಞಾನ ಓದಿದ ಯಾರನ್ನು ಬೇಕಾದರೂ ಕೇಳಿ, ಜೀವನದಲ್ಲಿ ಒಮ್ಮೆಯಾದರೂ ಜೆ ಹತ್ತಿರ ಜಾರಿ ಬಿದ್ದಿರುತ್ತಾರೆ.

ಮೇಡಂ ಒಂದು ಸೂತ್ರವನ್ನು ಹೀಗೆ ಬಿಡಿಸಿ ಪ್ರೂವ್ ಮಾಡುತ್ತಿದ್ದಾಗ ಕೋಚಿಂಗಿಗೆ ಹೋಗುವ ಹುಡುಗನೊಬ್ಬ ಒಮ್ಮೆ ಎದ್ದು ನಿಂತು, "ಇಷ್ಟುದ್ದ ಯಾಕೆ ಮೇಡಂ? ಎ ಬದ್ಲು ಐ, ಬಿ ಬದ್ಲು ಜೆ, ಸಿ ಬದ್ಲು ಕೆ ಹಾಕಿ ನೋಡಿದ್ರೆ ಎರಡೂ ಕಡೆ ಒಂದೇ ಬಂದ್ಬಿಡತ್ತೆ. ಅಲ್ಲಿಗೆ ಪ್ರೂವ್ ಆಯ್ತಲ್ಲ," ಅಂದನಂತೆ. ಮೇಡಂ ಅವನ ಕೈಗೇ ಚಾಕ್ ಕೊಟ್ಟರು. "ಸರಿಯಪ್ಪ. ಎ ಕ್ರಾಸ್ ಬಿ ಕ್ರಾಸ್ ಸಿ. ಬ್ರ್ಯಾಕೆಟ್ ಮುಂದಿನ ಎರಡಕ್ಕೆ ಹಾಕಿದ್ರೂ ಒಂದೇನಾ, ಹಿಂದಿನ ಎರಡಕ್ಕೆ ಹಾಕಿದ್ರೂ ಒಂದೇನಾ, ನಿನ್ ಥರಾನೇ ನೋಡಿ ಹೇಳು." ಹುಡುಗ ಐ, ಜೆ, ಕೆ ಹಾಕಿದ. ಎರಡೂ ಕಡೆ ಸೊನ್ನೆ. "ಒಂದೇ ಮೇಡಂ," ಅಂದ. "ಈಗ ಎ-ಗೂ ಐ ಹಾಕು, ಬಿ-ಗೂ ಐ ಹಾಕು, ಸಿ-ಗೆ ಜೆ ಹಾಕು." ಒಂದು ಕಡೆ ಸೊನ್ನೆ ಬಂತು, ಇನ್ನೊಂದು ಕಡೆ ಮೈನಸ್ ಜೆ ಬಂತು. ಹುಡುಗ ಬೆವರಿದ. "ಮೂರು ಮನೆ ಬಾಗಿಲು ತಟ್ಟಿ ಊರೆಲ್ಲ ಒಳ್ಳೇದು ಅಂತ ಬರ್ದುಬಿಟ್ಯಲ್ಲಪ್ಪ. ಕೂತ್ಕೋ," ಅಂದರು. ಇದನ್ನು ಆ ಹುಡುಗನೇ ನನ್ನ ಲ್ಯಾಬಿನಲ್ಲಿ ನಗುತ್ತಾ ಹೇಳಿದ್ದು. ಅವರ ಕೈಲಿ ಬೈಸಿಕೊಂಡವರೆಲ್ಲ ಹೀಗೆ ಹೆಮ್ಮೆಯಿಂದಲೇ ಹೇಳಿಕೊಳ್ಳುತ್ತಿದ್ದರು.

ಇನ್ನು ಅವರ ಕಾವಲಿನ ವಿಷಯ ಹೇಳಲೇಬೇಕು. ಮುಂದಿನದೆಲ್ಲ ನಿಂತಿರುವುದು ಅದರ ಮೇಲೆ.

ಮೇಡಂ ತರಗತಿಯಲ್ಲಿ ಪ್ರತಿ ದಿನ ಒಬ್ಬ ವಿದ್ಯಾರ್ಥಿ ಬೋರ್ಡಿನ ಪಕ್ಕ ಕಾವಲು ನಿಲ್ಲಬೇಕು. ಮೇಡಂ ಒಂದು ಸಾಲು ಬರೆದು ನಿಲ್ಲುತ್ತಾರೆ. ಸರಿಯಿದ್ದರೆ ಕಾವಲಿನವರು "ಹೋಗಿ ಮೇಡಂ" ಅನ್ನಬೇಕು, ತಪ್ಪಿದ್ದರೆ "ನಿಲ್ಲಿ ಮೇಡಂ" ಅನ್ನಬೇಕು. ಅವರು ಹೇಳದೆ ಚಾಕ್ ಮುಂದಕ್ಕೆ ಹೋಗುವುದಿಲ್ಲ. ಇದಕ್ಕಿಂತ ದೊಡ್ಡ ತಮಾಷೆಯೆಂದರೆ, ಮೇಡಂ ಬೇಕಂತಲೇ ನಡುವೆ ಎಲ್ಲೋ ಒಂದು ತಪ್ಪು ಹೂತಿಡುತ್ತಿದ್ದರು. ಯಾವ ದಿನ, ಯಾವ ಸಾಲು, ಯಾರಿಗೂ ಗೊತ್ತಿಲ್ಲ. ಕಾವಲಿನವರು ಹಿಡಿದರೆ ಅಂಗೈಯಲ್ಲಿ ಒರೆಸಿ ಸರಿ ಬರೆದು ಮುಂದೆ ಹೋಗುತ್ತಿದ್ದರು. ಹೊಗಳಿಕೆ ಗಿಗಳಿಕೆ ಇಲ್ಲ. ಹಿಡಿಯದಿದ್ದರೆ ಕೊನೆಯಲ್ಲಿ ಎಡಗಡೆಯೂ ಬಲಗಡೆಯೂ ಒಂದಾಗುತ್ತಿರಲಿಲ್ಲ. ಆಗ ತಪ್ಪು ಸಿಗುವವರೆಗೆ ಯಾರಿಗೂ ಇಂಟರ್‌ವೆಲ್ ಇಲ್ಲ.

"ಮೇಡಂ ಹೇಳಿದ್ರು ಅಂತ ಒಪ್ಕೊಳ್ಳೋ ಮಕ್ಕಳು ನನಗೆ ಬೇಡ ಸಾರ್," ಅನ್ನುತ್ತಿದ್ದರು. "ಬೋರ್ಡ್ ಮೇಲಿರೋದನ್ನ ನೋಡಿ ಒಪ್ಕೊಳ್ಳೋರು ಬೇಕು."

ಬೇಕಂತ ತಪ್ಪು ಮಾಡುವಾಗ ಮೇಡಂಗೊಂದು ಅಭ್ಯಾಸವಿತ್ತು. ಸಾಲು ಮುಗಿಸಿದವರೇ ಕಾವಲಿನವರ ಮುಖ ನೋಡುತ್ತಿರಲಿಲ್ಲ, ಕಿಟಕಿಯಾಚೆ ನೋಡುತ್ತಿದ್ದರು. ನನ್ನ ಲ್ಯಾಬಿನ ಬಾಗಿಲಿಂದ ಅವರ ತರಗತಿ ನೇರ ಕಾಣುತ್ತಿದ್ದುದರಿಂದ ನನಗೆ ಇದು ಗೊತ್ತಾಗಿತ್ತು. ಗೊತ್ತಾಗಿದೆಯೆಂದು ನಾನು ಅವರಿಗೆ ಹೇಳಿರಲಿಲ್ಲ, ಹೇಳಿದ್ದರೆ ಅಭ್ಯಾಸ ಬದಲಿಸುತ್ತಿದ್ದರು.

ಕೊನೆಯ ವರ್ಷ ಏನೋ ಎಡವಟ್ಟಾಗುತ್ತಿದೆ ಎಂದು ನನಗೆ ಮೊದಲು ಅನ್ನಿಸಿದ್ದು ಒಂದು ಬೆಳಗ್ಗೆ. ಮೊದಲ ಪೀರಿಯಡ್ಡಿಗೆ ಮೇಡಂ ಬರಲಿಲ್ಲ. ಅವರು ಕ್ಲಾಸಿಗೆ ತಡವಾಗಿ ಬಂದದ್ದನ್ನು ನಾನು ಕಂಡಿರಲಿಲ್ಲ. ಫೋನ್ ಮಾಡಿದರೆ ಗದ್ದಲದ ನಡುವೆ ಅವರ ದನಿ ಕೇಳಿಸಿತು. "ಚಿಂತಾಮಣೀಲಿದೀನಿ ಸಾರ್. ಇಳಿಯೋದು ಮರ್ತೋಯ್ತು." ನಗಬೇಕೆಂದು ಬಾಯಿ ತೆರೆದೆ, ಆಗಲಿಲ್ಲ. ಆ ದನಿಯಲ್ಲಿ ಹೆದರಿಕೆ ಇತ್ತು. ಅಷ್ಟು ವರ್ಷ ಒಂದೇ ಸ್ಟಾಪಿನಲ್ಲಿ ಇಳಿದವರು, ಶಿಡ್ಲಘಟ್ಟ ಕಿಟಕಿಯಲ್ಲಿ ಹಾದುಹೋಗುವಾಗ ಅದನ್ನು ನೋಡುತ್ತಲೇ ಕೂತಿದ್ದರಂತೆ.

ಆಮೇಲೆ ಬೋರ್ಡಿನ ಮೇಲೂ ಕಾಣತೊಡಗಿತು. ಜೆ ಹತ್ತಿರ ಗುರುತು ಬದಲಾಗುತ್ತಿತ್ತು. ಮೇಡಂ ಕಿಟಕಿಯಾಚೆ ನೋಡುತ್ತಿರಲಿಲ್ಲ, ನೇರವಾಗಿ ಕಾವಲಿನವರ ಮುಖವನ್ನೇ ನೋಡುತ್ತಿದ್ದರು. ಅಂದರೆ ಅದು ಹೂತಿಟ್ಟ ತಪ್ಪಲ್ಲ. ಒಂದು ದಿನ ಕಾವಲಿನಲ್ಲಿದ್ದ ಹುಡುಗಿ "ನಿಲ್ಲಿ ಮೇಡಂ" ಅಂದಾಗ ಅವರು ಎಷ್ಟು ಹೊತ್ತು ನೋಡಿದರೂ ತಪ್ಪು ಕಾಣದೆ, ಬೋರ್ಡಿನ ಕೆಳಗಿನ ಕಟ್ಟೆಯ ಅಂಚಿನ ಮೇಲೆ ಕೂತುಬಿಟ್ಟರು. ಬೆಲ್ ಹೊಡೆಯುವವರೆಗೂ ಏಳಲಿಲ್ಲ. ಮಕ್ಕಳು ಸದ್ದಿಲ್ಲದೆ ಹೊರಗೆ ಬಂದರು. ಅಲ್ಲಿಂದ ಮುಂದೆ ಅವರ ಕ್ಲಾಸಿನಲ್ಲಿ "ನಿಲ್ಲಿ ಮೇಡಂ" ಕೇಳಿಸುವುದೇ ಅಪರೂಪವಾಯಿತು. ಸುಧಾರಿಸಿದ್ದಾರೆ ಅಂದುಕೊಂಡು ನನಗೆ ಸಮಾಧಾನವೂ ಆಯಿತು.

ಪ್ರಿನ್ಸಿಪಾಲರ ಕಿವಿಗೆ ಯಾರೋ ಮುಟ್ಟಿಸಿದ್ದರು. ಅವರು ಕೆಟ್ಟವರಲ್ಲ, ಪರೀಕ್ಷೆ ಹತ್ತಿರವಿತ್ತು, ಹೆದರಿದರು. ಚಿಂತಾಮಣಿಯಿಂದ ನಿವೃತ್ತ ಗಣಿತ ಪ್ರಾಧ್ಯಾಪಕರೊಬ್ಬರನ್ನು ಕರೆಸುತ್ತೇನೆ, ಒಂದು ದಿನ ಅವರೂ ನಾನೂ ಹಿಂದಿನ ಬೆಂಚಿನಲ್ಲಿ ಕೂತು ನೋಡುತ್ತೇವೆ ಎಂದು ಮೇಡಂಗೇ ನೇರವಾಗಿ ಹೇಳಿದರು. ಕ್ಲಾಸು ಸರಿಯಿದ್ದರೆ ಸರಿ. ಇಲ್ಲದಿದ್ದರೆ ನಿವೃತ್ತಿಯವರೆಗೆ ಆಫೀಸಿನಲ್ಲಿ ಕೂರಬೇಕು, ಅಡ್ಮಿಶನ್ ಕೆಲಸ ನೋಡಿಕೊಳ್ಳಬೇಕು.

ಮೇಡಂ ಸ್ಟಾಫ್ ರೂಮಿಗೆ ಬಂದು ಕುರ್ಚಿಯಲ್ಲಿ ಕೂತರು. ಟೀ ಆರಿಹೋಯಿತು. "ಆಫೀಸಲ್ಲಿ ಕೂರ್ಸಿದ್ರೆ ನಾನು ಮುಗ್ದೋಗ್ತೀನಿ ಸಾರ್," ಅಂದರು. "ಈ ಮಕ್ಕಳಿಗೆ ವೆಕ್ಟರ್ ಮುಗಿಸ್ಬೇಕು ನಾನು. ಅಷ್ಟೇ ನನಗೆ ಬೇಕಾಗಿರೋದು. ಅದೊಂದು ಕೈಬಿಟ್ಟೋದ್ರೆ..." ಮಾತು ಅಲ್ಲಿಗೇ ನಿಂತಿತು. ಮೇಡಂ ಮಾತನ್ನು ಅರ್ಧಕ್ಕೆ ಬಿಟ್ಟದ್ದನ್ನು ನಾನು ಅದೇ ಮೊದಲು ನೋಡಿದ್ದು.

ಆವತ್ತಿನಿಂದ ನಾನು ಅವರ ಹಿಂದೆ ಬಿದ್ದೆ. ಅವರು ನೋಡಲು ಬರುವ ದಿನ ಏನು ಪ್ರೂವ್ ಮಾಡುತ್ತೀರಿ ಎಂದು ಕೇಳಿದೆ. ನನ್ನ ತಲೆಯಲ್ಲಿ ಒಂದು ಉಪಾಯವಿತ್ತು. ಎ ಕ್ರಾಸ್ ಬಿ-ಯ ಪರಿಮಾಣದ ವರ್ಗಕ್ಕೆ ಒಂದು ಸೂತ್ರವಿದೆ. ಪುಸ್ತಕದಲ್ಲೂ ಇದೆ, ಮಕ್ಕಳಿಗೂ ಬೇಕು. ಅಲ್ಲಿ ಪ್ರತಿ ಕಾಂಪೊನೆಂಟನ್ನೂ ವರ್ಗ ಮಾಡುತ್ತೇವೆ. ವರ್ಗ ಮಾಡಿದ ಮೇಲೆ ಪ್ಲಸ್ಸೋ ಮೈನಸ್ಸೋ ಯಾರಿಗೆ ಬೇಕು? ಜೆ ಹತ್ತಿರ ಗುರುತು ತಪ್ಪಿದರೂ ಉತ್ತರ ಸರಿಯಾಗಿಯೇ ಬರುತ್ತದೆ.

"ಅದನ್ನ ಮಾಡಿ ಮೇಡಂ," ಅಂದೆ. "ಚೆನ್ನಾಗಿರತ್ತೆ. ಸಿಲಬಸ್‌ನಲ್ಲೂ ಇದೆ."

ಅವರು ಕನ್ನಡಕದ ಮೇಲಿಂದ ನನ್ನನ್ನು ನೋಡಿದರು. ಬೆಣ್ಣೆ ಕದ್ದ ಮಗುವನ್ನು ನೋಡುವ ನೋಟ.

"ಏಮಯ್ಯಾ, ನನ್ ತಪ್ಪನ್ನ ಸ್ಕ್ವೇರ್ ಕೆಳಗೆ ಮುಚ್ಚಿಡು ಅಂತೀರಾ?"

"ಹಂಗಲ್ಲ ಮೇಡಂ..."

"ಹಂಗೇ. ನಾನು ವೆಕ್ಟರ್ ಟ್ರಿಪಲ್ ಪ್ರಾಡಕ್ಟೇ ಮಾಡೋದು. ಸಿಲಬಸ್‌ನಲ್ಲಿ ಇಲ್ದಿದ್ರೆ ಇಲ್ಲ. ಕಾಂಪೊನೆಂಟ್ ಬರ್ಯೋದು ಕಲ್ತಿದಾರಾ ಇಲ್ವಾ ಅಂತ ಅದ್ರಲ್ಲೇ ಗೊತ್ತಾಗೋದು."

ವೆಕ್ಟರ್ ಟ್ರಿಪಲ್ ಪ್ರಾಡಕ್ಟ್ ಅಂದರೆ ಕ್ರಾಸ್ ಒಳಗೊಂದು ಕ್ರಾಸ್. ಎ ಕ್ರಾಸ್, ಬ್ರ್ಯಾಕೆಟ್ಟಿನಲ್ಲಿ ಬಿ ಕ್ರಾಸ್ ಸಿ. ಒಳಗಿನ ಕ್ರಾಸಿನಲ್ಲಿ ಜೆ ಹತ್ತಿರ ಒಂದು ಗುರುತು ತಪ್ಪಿದರೆ ಮುಂದಿನ ಪ್ರತಿ ಸಾಲೂ ಹಾಳು. ತಪ್ಪಿಸಿಕೊಳ್ಳಲು ಒಂದು ಸಂದಿಯೂ ಇಲ್ಲದ್ದನ್ನು ಹುಡುಕಿ ಆರಿಸಿಕೊಂಡಿದ್ದರು. ಆ ದಿನ ನನಗೆ ಅವರ ಮೇಲೆ ಬಂದ ಕೋಪ ಇನ್ನೂ ಪೂರ್ತಿ ಇಳಿದಿಲ್ಲ.

ಪ್ರಾಧ್ಯಾಪಕರು ಬಂದರು. ಬಿಳಿ ಕೂದಲು, ನಿಧಾನದ ಮಾತು. ಪ್ರಿನ್ಸಿಪಾಲರು, ಅವರು, ಜೊತೆಗೆ ಹೇಗೋ ಒಳಗೆ ತೂರಿಕೊಂಡ ನಾನು ಕೊನೆಯ ಬೆಂಚಿನಲ್ಲಿ ಕೂತೆವು. ಕಾವಲಿಗೆ ಅವತ್ತು ಅಶ್ವಿನಿಯ ಸರದಿ. ಜಂಗಮಕೋಟೆಯ ಹುಡುಗಿ, ತೆಳ್ಳಗೆ, ಮಾತು ಕಡಿಮೆ. ಮೇಡಂ ಹಿಂದಕ್ಕೆ ತಿರುಗಿ ಪ್ರಾಧ್ಯಾಪಕರಿಗೆ ಕಾವಲಿನ ಪದ್ಧತಿ ಹೇಳಿದರು. ತಾವು ಬೇಕಂತ ತಪ್ಪು ಮಾಡುವುದೂ ಉಂಟು ಎಂದೂ ಹೇಳಿದರು. ಪ್ರಾಧ್ಯಾಪಕರು ಆಸಕ್ತಿಯಿಂದ ಮುಂದಕ್ಕೆ ಬಾಗಿದರು.

ಮೊದಲ ಸಾಲು ಬಂತು. "ಹೋಗಿ ಮೇಡಂ," ಅಂದಳು ಅಶ್ವಿನಿ. ಮೇಡಂ ತುದಿಗಾಲಲ್ಲಿ ನಿಂತು ಬಿ ಕ್ರಾಸ್ ಸಿ ಬಿಡಿಸತೊಡಗಿದರು. ಐ ಭಾಗ ಸರಿಯಾಗಿ ಬಂತು. ಜೆ ಭಾಗದಲ್ಲಿ ಬಿ-ತ್ರೀ ಸಿ-ಒನ್ ಮೊದಲು ಬರಬೇಕು, ಅದರಿಂದ ಬಿ-ಒನ್ ಸಿ-ತ್ರೀ ಕಳೆಯಬೇಕು. ಮೇಡಂ ಹಿಂದುಮುಂದಾಗಿ ಬರೆದರು. ಕೆ ಭಾಗವನ್ನೂ ಬರೆದು ಮುಗಿಸಿ ಅಶ್ವಿನಿಯ ಮುಖವನ್ನು ನೋಡುತ್ತಾ ನಿಂತರು.

ಕಿಟಕಿಯಾಚೆ ನೋಡಲಿಲ್ಲ.

ಅಶ್ವಿನಿ ಬೋರ್ಡು ನೋಡಿದಳು. ಮೇಡಂ ಮುಖ ನೋಡಿದಳು. ಆಗ ಒಂದು ವಿಚಿತ್ರ ನಡೆಯಿತು. ಎರಡನೇ ಬೆಂಚಿನಿಂದ ಯಾರೋ ಮೆಲ್ಲಗೆ "ಹೋಗಿ ಮೇಡಂ" ಅಂದರು. ಅದರ ಹಿಂದಿನ ಬೆಂಚಿನಿಂದ ಇನ್ನೊಬ್ಬರು, "ಹೋಗಿ ಮೇಡಂ, ಸರಿಯಿದೆ." ಕಾವಲು ನಿಂತವರನ್ನು ಬಿಟ್ಟು ಬೇರೆಯವರು ಮಾತಾಡುವ ಪದ್ಧತಿಯೇ ಇರಲಿಲ್ಲ. ತರಗತಿಯೆಲ್ಲ ಅಶ್ವಿನಿಯನ್ನು ಕಣ್ಣಲ್ಲೇ ಹೆದರಿಸುತ್ತಿತ್ತು. ಮೇಡಂ ಯಾರ ಕಡೆಗೂ ತಿರುಗಲಿಲ್ಲ. "ನೀನು ಹೇಳಮ್ಮ. ಕಾವಲು ನಿಂದು," ಅಂದರು.

"ನಿಲ್ಲಿ ಮೇಡಂ," ಅಂದಳು ಅಶ್ವಿನಿ. "ಜೆ ಹತ್ರ."

ಮೇಡಂ ಬೋರ್ಡಿಗೆ ತಿರುಗಿದರು. ನೋಡಿದರು. ಬೆರಳಿನಿಂದ ಒಂದೊಂದೇ ಅಕ್ಷರ ಮುಟ್ಟುತ್ತಾ ಹೋದರು. ಬೆರಳು ಜೆ ಮೇಲೆ ಬಂತು, ದಾಟಿತು, ಮತ್ತೆ ಹಿಂದಕ್ಕೆ ಬಂತು. ಈ ಸಲವೂ ಕಟ್ಟೆಯ ಮೇಲೆ ಕೂತುಬಿಡುತ್ತಾರೆ ಅಂದುಕೊಂಡು ನಾನು ಅರ್ಧ ಎದ್ದಿದ್ದೆ. ಅಷ್ಟರಲ್ಲಿ ಬೆರಳು ನಿಂತಿತು.

ಪ್ರಾಧ್ಯಾಪಕರು ನಕ್ಕರು. "ಓಹೋ! ಇದೇನಾ ಮೇಡಂ, ನೀವು ಬೇಕಂತ ಮಾಡೋ ತಪ್ಪು? ಬಹಳ ಚೆನ್ನಾಗಿದೆ. ನಾನೂ ಗಮನಿಸಿರ್ಲಿಲ್ಲ ನೋಡಿ."

ಪ್ರಿನ್ಸಿಪಾಲರ ಮುಖವೂ ಅರಳಿತು. ಇನ್ನೇನು ಬೇಕಿತ್ತು? ಹೌದು ಅಂದರೆ ಸಾಕು. ಹೌದು ಅನ್ನಲೂ ಬೇಡ, ಸುಮ್ಮನೆ ಒಮ್ಮೆ ನಕ್ಕಿದ್ದರೆ ಸಾಕಿತ್ತು. ಅನ್ನಿ ಮೇಡಂ, ಅನ್ನಿ ಎಂದು ನಾನು ಮನಸ್ಸಿನಲ್ಲೇ ಕೂಗಿಕೊಳ್ಳುತ್ತಿದ್ದೆ.

ಮೇಡಂ ಪೂರ್ತಿ ನಮ್ಮ ಕಡೆ ತಿರುಗಿದರು. ಮುಖ ಬಿಳಿಚಿಕೊಂಡಿತ್ತು. "ಅಲ್ಲ ಸಾರ್. ಬೇಕಂತ ಮಾಡಿದ್ದಲ್ಲ ಇದು. ನನಗೆ ಗೊತ್ತಾಗ್ದೇ ತಪ್ಪು ಬರ್ದೆ," ಅಂದರು. ಅಂಗೈಯಲ್ಲಿ ಒರೆಸಿದರು, ಸರಿಯಾಗಿ ಬರೆದರು, ಮುಂದಕ್ಕೆ ಹೋದರು. ಒಮ್ಮೊಮ್ಮೆ ನಿಂತು ತುಟಿಯಲ್ಲಿ ತೆಲುಗಿನಲ್ಲಿ ಏನೋ ಎಣಿಸಿಕೊಳ್ಳುತ್ತಿದ್ದರು. ಕೊನೆಯ ಹತ್ತಿರ ಎ-ಒನ್ ಬಿ-ಒನ್ ಸಿ-ಒನ್ ಅನ್ನು ಒಮ್ಮೆ ಕೂಡಿಸಿ ಒಮ್ಮೆ ಕಳೆಯುವ ಸಾಲು ಬರುತ್ತದೆ. ಅದನ್ನು ಅವರು ಕರೆಯದೆ ಬಂದ ನೆಂಟ ಅನ್ನುತ್ತಿದ್ದರು. ಬಂದ ಬಾಗಿಲಲ್ಲೇ ವಾಪಸ್ಸು ಹೋಗುತ್ತಾನೆ, ಆದರೆ ಹೋಗುವುದರೊಳಗೆ ಎರಡೂ ಕಡೆಯವರನ್ನು ಕೂಡಿಸಿ ಮದುವೆ ಕುದುರಿಸಿರುತ್ತಾನೆ ಎಂದು. ಅವತ್ತೂ ಹಾಗೇ ಅಂದರು. ಯಾರೂ ನಗಲಿಲ್ಲ. ಎಡಗಡೆ ಬಲಗಡೆ ಒಂದಾಯಿತು, ಬೆಲ್ ಹೊಡೆಯಿತು.

ಪ್ರಿನ್ಸಿಪಾಲರ ಕೋಣೆಯಲ್ಲಿ ಏನಾಗುತ್ತದೋ ಎಂದು ನಾನು ಬಾಗಿಲ ಬಳಿ ಜೀವ ಕೈಯಲ್ಲಿ ಹಿಡಿದು ನಿಂತಿದ್ದೆ. ಪ್ರಾಧ್ಯಾಪಕರ ಮಾತು ಹೊರಗೇ ಕೇಳಿಸಿತು. "ಬೋರ್ಡ್ ಮುಂದೆ ನಿಂತು ತಪ್ಪಾಯ್ತು ಅನ್ನೋ ಮೇಷ್ಟ್ರನ್ನ ನಾನು ನೋಡಿ ಬಹಳ ಕಾಲ ಆಯ್ತು. ತಪ್ಪು ಹಿಡಿಯೋ ಮಕ್ಕಳನ್ನ ಪಕ್ಕದಲ್ಲಿ ನಿಲ್ಲಿಸ್ಕೊಂಡಿದಾರೆ, ಇನ್ನೇನ್ ಭಯ? ಮುಗಿಸ್ಲಿ ಬಿಡಿ ಈ ವರ್ಷ." ಪ್ರಿನ್ಸಿಪಾಲರು ಒಪ್ಪಿದರು. ಸಂತಾಪ ಸಭೆಯಲ್ಲಿ ದನಿ ತಗ್ಗಿಸಿ ಮಾತಾಡಿದ ಮಹಾನುಭಾವರು ಇದನ್ನು ಗಮನಿಸಬೇಕು. ಕ್ಲಾಸನ್ನು ಯಾರೂ ಕಿತ್ತುಕೊಳ್ಳಲಿಲ್ಲ. ಮೇಡಂ ಅದನ್ನು ಗೆದ್ದುಕೊಂಡರು. ಅವತ್ತು ಸ್ಟಾಫ್ ರೂಮಿನಲ್ಲಿ ಅವರು ಎರಡು ಟೀ ಕುಡಿದು, ನನ್ನ ಹೆಬ್ಬೆರಳಿನ ನಿಯಮವನ್ನು ಮತ್ತೆ ಆಡಿಕೊಂಡರು. ನಾನೂ ಖುಷಿಯಿಂದಲೇ ಬೈಸಿಕೊಂಡೆ.

ಆದರೆ ಮಾರನೆಯ ದಿನ ಅಶ್ವಿನಿ ಕಾಲೇಜಿಗೆ ಬರಲಿಲ್ಲ. ಅದರ ಮಾರನೆಯ ದಿನವೂ ಇಲ್ಲ. ವಾರ ಮುಗಿಯುತ್ತಾ ಬಂತು. ಮೇಡಂ ತರಗತಿಯಲ್ಲಿ ಕೇಳಿದರೆ ಎಲ್ಲರೂ ತಲೆ ತಗ್ಗಿಸಿದರು. ಫೋನ್ ಮಾಡಿದರೆ ತಾಯಿ ಎತ್ತಿ, "ಹುಳು ಎದ್ದವೆ ಮೇಡಂ, ಸೊಪ್ಪಿನ ಕೆಲ್ಸ," ಅಂದು ಇಟ್ಟರು. ಪರೀಕ್ಷೆ ಎದುರಿಗಿದೆ. ಶನಿವಾರ ಮಧ್ಯಾಹ್ನ ಬಸ್ ಸ್ಟ್ಯಾಂಡಿನಲ್ಲಿ ಮೇಡಂ ಚಿಕ್ಕಬಳ್ಳಾಪುರದ ಬಸ್ಸು ಬಿಟ್ಟು ಜಂಗಮಕೋಟೆ ಬಸ್ಸಿನ ಹತ್ತಿರ ನಿಂತಿದ್ದರು. ಮತ್ತೆ ಮರೆವೇನೋ ಅಂದುಕೊಂಡು ಓಡಿ ಹೋದೆ.

"ಮರ್ತಿಲ್ಲ ಸಾರ್, ಹುಡುಗಿ ಮನೆಗೆ ಹೋಗ್ತಿದೀನಿ," ಅಂದರು. "ಬರ್ತೀರಾ? ಹೋಗಣ."

ಅಶ್ವಿನಿಯ ಮನೆಯ ಪಕ್ಕದಲ್ಲೇ ರೇಷ್ಮೆ ಸಾಕುವ ಹುಳುಮನೆ. ಹುಳುಗಳು ಕೊನೆಯ ಜ್ವರ ಎದ್ದಿದ್ದವು. ಪೊರೆ ಬಿಡುವುದನ್ನು ಇಲ್ಲಿ ಜ್ವರ ಅನ್ನುತ್ತಾರೆ, ಅದು ಮುಗಿದ ಮೇಲೆ ಹುಳುಗಳ ಹಸಿವು ಹೇಳತೀರದು. ಒಳಗೆ ಹೆಜ್ಜೆ ಇಟ್ಟರೆ ಸೊಪ್ಪು ತಿನ್ನುವ ಸದ್ದೇ ಸದ್ದು. ಅಶ್ವಿನಿ ಹಿಪ್ಪುನೇರಳೆ ಕಡ್ಡಿ ಹರಡುತ್ತಿದ್ದಳು. ಮೇಡಂ ಅವರನ್ನು ಕಂಡು ಕೈಯಲ್ಲಿದ್ದ ಕಂತೆ ಎದೆಗೆ ಅವುಚಿಕೊಂಡು ಗೋಡೆಗೆ ಒರಗಿದಳು.

"ಯಾಕಮ್ಮ ಬರ್ತಿಲ್ಲ?" ಮೇಡಂ ದನಿಯಲ್ಲಿ ಗದರಿಕೆ ಇರಲಿಲ್ಲ. "ನಾನೇನಾದ್ರೂ ಅಂದ್ನಾ? ನೀನ್ ಹಿಡಿದಿದ್ದು ಸರಿಯಾಗೇ ಇತ್ತಲ್ಲ."

ಅಶ್ವಿನಿ ತಲೆ ಅಲ್ಲಾಡಿಸಿದಳು.

"ಮತ್ತೆ?"

"ಯಾರೂ ಮಾತಾಡ್ಸಲ್ಲ ಮೇಡಂ ನನ್ನ. ಬೆಂಚಲ್ಲಿ ಪಕ್ಕಕ್ಕೆ ಕೂರ್ಸಲ್ಲ. ನಿನ್ನಿಂದ ಮೇಡಂ ಕೆಲ್ಸ ಹೋಗ್ತಿತ್ತು ಅಂತಾರೆ."

"ಅದ್ಯಾಕೆ ಹಂಗಂತಾರೆ? ಕಾವಲು ನಿಂತೋರು ನಿಲ್ಲಿ ಅನ್ನದೆ ಇನ್ನೇನ್ ಅನ್ಬೇಕು?"

ಹುಡುಗಿ ನನ್ನನ್ನು ನೋಡಿದಳು, ಮೇಡಂ ಅವರನ್ನು ನೋಡಿದಳು. ಕಣ್ಣಲ್ಲಿ ನೀರು ಇಳಿಯುತ್ತಿತ್ತು. "ನಾವೆಲ್ಲ ಮಾತಾಡ್ಕೊಂಡಿದ್ವಿ ಮೇಡಂ. ನೀವು ಅವತ್ತು ಕಟ್ಟೆ ಮೇಲೆ ಕೂತ್ಬಿಟ್ರಲ್ಲ, ಅವತ್ತಿಂದ. ಯಾರು ಕಾವಲಿದ್ರೂ ಹೋಗಿ ಮೇಡಂ ಅಂತ್ಲೇ ಅನ್ಬೇಕು, ಕೊನೇಲಿ ಎರಡೂ ಕಡೆ ಒಂದಾಗ್ದಿದ್ರೂ ಆಯ್ತು ಮೇಡಂ ಅನ್ಬೇಕು, ತಪ್ಪಿದ್ರೆ ಅವ್ರವ್ರೇ ಸರಿ ಮಾಡ್ಕೊಂಡು ಬರ್ಕೋಬೇಕು ಅಂತ. ಹೊರಗೆ ಯಾರ್ಗೂ ಹೇಳ್ಬಾರ್ದು ಅಂತ. ನಾನೂ ಹ್ಞೂಂ ಅಂದಿದ್ದೆ. ಆದ್ರೆ ಅವತ್ತು ನೀವು ಕಾವಲು ನಿಂದು ಅಂದ್ರಲ್ಲ... ನನ್ ಕೈಲಿ ಆಗ್ಲಿಲ್ಲ."

ಹುಳುಗಳು ತಿನ್ನುತ್ತಲೇ ಇದ್ದವು. ಮೇಡಂ, "ಬಹಳ ತಪ್ಪು ಬರ್ತಿತ್ತಾ?" ಅಂದರು.

"ಬಹಳ ಮೇಡಂ."

"ದಿನಾನಾ?"

ಹುಡುಗಿ ಕಂತೆಯನ್ನು ಇನ್ನಷ್ಟು ಎದೆಗೆ ಅವುಚಿಕೊಂಡಳು. ಮೇಡಂ ಅವಳ ಕೈಯಿಂದ ಸೊಪ್ಪಿನ ಕಂತೆ ತೆಗೆದು ಕೆಳಗಿಟ್ಟು, ಅವಳ ತಲೆಯನ್ನು ತಮ್ಮ ಭುಜಕ್ಕೆ ಒತ್ತಿಕೊಂಡರು. ಅವರು ಯಾರನ್ನಾದರೂ ಹಾಗೆ ಮುಟ್ಟಿದ್ದನ್ನು ನಾನು ನೋಡಿರಲಿಲ್ಲ. "ಸೋಮವಾರ ಬಾ ಕಣೇ. ನಿನ್ನ ಪಕ್ಕ ಕೂರೋ ಹಂಗೆ ನಾನು ಹೇಳ್ತೀನಿ ಅವ್ರಿಗೆಲ್ಲ," ಅಂದರು. ತಾಯಿ ಕೊಟ್ಟ ಮಜ್ಜಿಗೆ ಕುಡಿದೆವು. ಬಸ್ಸಿಗೆ ಬಂದೆವು.

ಬಸ್ಸಿನಲ್ಲಿ ಮೇಡಂ ಕಿಟಕಿ ಪಕ್ಕ ಕೂತರು. ಎರಡೂ ಕಡೆ ಹಿಪ್ಪುನೇರಳೆ ತೋಟಗಳು ಹಿಂದೆ ಓಡುತ್ತಿದ್ದವು. ನಾನು ಏನೇನೋ ಸಮಾಧಾನ ಹೇಳಿದೆ. ಇನ್ನು ಕೆಲವೇ ತಿಂಗಳು ಅಂದೆ, ಬೇಕಾದರೆ ನಿಮ್ಮ ತರಗತಿಯಲ್ಲಿ ನಾನೇ ಬಂದು ಕಾವಲು ನಿಲ್ಲುತ್ತೇನೆ ಅಂದೆ, ಮಕ್ಕಳಿಗೆ ನೀವೆಂದರೆ ಪ್ರಾಣ, ಅದಕ್ಕೇ ಹಾಗೆ ಮಾಡಿದವು ಅಂದೆ. ಅವರು ಕೇಳಿಸಿಕೊಳ್ಳುತ್ತಿದ್ದಾರೋ ಇಲ್ಲವೋ ತಿಳಿಯುತ್ತಿರಲಿಲ್ಲ. ಶಿಡ್ಲಘಟ್ಟ ಹತ್ತಿರ ಬಂದಾಗ ನನ್ನ ಕಡೆ ತಿರುಗಿದರು.

"ಅಷ್ಟು ಪ್ರೀತಿ ಮಾಡ್ತವಾ ಸಾರ್, ಆ ಮಕ್ಕಳು ನನ್ನ?"

"ಹೌದು ಮೇಡಂ. ಅಷ್ಟೂ ಮಾಡ್ತಾರೆ."

ಅವರು ತಲೆಯಾಡಿಸಿದರು. ಕಣ್ಣು ಒರೆಸಿಕೊಳ್ಳಲಿಲ್ಲ.

"ಹಂಗಾದ್ರೆ ಸೋಮವಾರ ನಾನು ಆಫೀಸಲ್ಲಿ ಕೂರ್ತೀನಿ ಅಂತ ಪ್ರಿನ್ಸಿಪಾಲರಿಗೆ ಹೇಳ್ಬಿಡ್ತೀನಿ," ಅಂದರು. "ನನಗೋಸ್ಕರ ಸುಳ್ಳು ಸಾಲಿಗೆ ಹ್ಞೂಂ ಅನ್ನೋ ಮಕ್ಕಳ ಮುಂದೆ ನಾನು ಗಣಿತ ಹೇಳ್ಬಾರ್ದು."